ಆರು ವರ್ಷದ ಮಳೆ ಇರೋ ಫೋನು

ನನ್ನ ಫೋನಿಗೆ ಎಂಟು ವರ್ಷ ದಾಟಿತು. ಬೆನ್ನಿನ ಮುಚ್ಚಳ ಕಳಚಿ ಬೀಳದಿರಲಿ ಅಂತ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ಗಾಜಿನ ಒಂದು ಮೂಲೆ ಬಿರುಕು ಬಿಟ್ಟಿದೆ. ಚಾರ್ಜಿಗೆ ಹಾಕುವಾಗ ವಯರನ್ನು ಎಡಕ್ಕೆ ಬಗ್ಗಿಸಿ ಅದರ ಕೆಳಗೊಂದು ಬೆಂಕಿಪೊಟ್ಟಣ ಇಡಬೇಕು, ಇಲ್ಲದಿದ್ದರೆ ಹತ್ತುವುದಿಲ್ಲ. ಆದರೂ ಅದು ನನ್ನ ಮಾತು ಕೇಳುತ್ತದೆ. ಈ ಮನೆಯಲ್ಲಿ ಇನ್ಯಾರು ಕೇಳುತ್ತಾರೆ ಹೇಳಿ?

ಮಗಳು ಹೋದ ವರ್ಷ ಹೊಸದೊಂದು ತಂದುಕೊಟ್ಟಳು. ಅದು ಇನ್ನೂ ಡಬ್ಬದಲ್ಲೇ ಇದೆ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ. "ಅಮ್ಮಾ, ನಿನ್ನದು ಜಿಪುಣತನ ಅಲ್ಲ, ಹಟ" ಅಂತ ಅವಳ ತೀರ್ಪು. ಈಗೀಗ ಹಳೇದನ್ನೇ ಇಟ್ಟುಕೊಂಡವರು ನಾನೊಬ್ಬಳೇ ಅಲ್ಲ ಬಿಡಿ. ನಮ್ಮನ್ನು ಪೇಟೆಗೆ ಕರೆದುಕೊಂಡು ಹೋಗುವ ಆಟೋದವರು, "ಹೊಸದರಲ್ಲೂ ಅದೇ ಫೋಟೋ, ಅದೇ ವಾಟ್ಸಾಪು. ಇದು ಸಾಯೋವರೆಗೂ ಇದೇ ಸಾಕು ಅಕ್ಕಾ" ಅನ್ನುತ್ತಾರೆ. ಪಕ್ಕದ ಎಸ್ಟೇಟಿನ ಟೀಚರಮ್ಮನಿಗೆ ಹೊಸ ಫೋನು ಕಲಿಯುವುದು ಅಂದರೆ ಇನ್ನೊಮ್ಮೆ ಪರೀಕ್ಷೆಗೆ ಕೂತ ಹಾಗೆ. ಅವರವರ ಕಾರಣ ಅವರವರಿಗೆ. ನನ್ನ ಕಾರಣ ಹೇಳಬೇಕಾದರೆ ಮೊದಲು ನಮ್ಮೂರಿನ ಮಳೆಯ ವಿಷಯ ಹೇಳಬೇಕು.

ಬೇರೆ ಕಡೆ ಜನ ಬೆಳಿಗ್ಗೆ ಎದ್ದು "ತಿಂಡಿ ಆಯ್ತಾ" ಅಂತ ಕೇಳುತ್ತಾರೆ. ಕೊಡಗಿನಲ್ಲಿ ಕಾಫಿ ತೋಟ ಇಟ್ಟುಕೊಂಡವರು "ನಿಮ್ಮಲ್ಲಿ ಎಷ್ಟು ಸೆಂಟು?" ಅಂತ ಕೇಳುತ್ತಾರೆ. ನಾವು ಮಳೆಯನ್ನು ಅಳೆಯುವುದು ಇಂಚು, ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದಿಂಚು. ಅಂಗಳದಲ್ಲಿ ಒಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಅದರ ನೀರನ್ನು ಗೆರೆ ಹಾಕಿದ ಗ್ಲಾಸಿಗೆ ಬಗ್ಗಿಸಿ ನೋಡಿ, ಪುಸ್ತಕದಲ್ಲಿ ಬರೆದು, ನಂಟರಿಗೆ, ನೆರೆಯವರಿಗೆ ತಿಳಿಸಬೇಕು. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದಾಗಂತೂ ಕೇಳಲೇಬೇಡಿ, ಹತ್ತು ಸೆಂಟು ಹೆಚ್ಚು ಬಿದ್ದವರು ಮಗನಿಗೆ ರ‍್ಯಾಂಕು ಬಂದ ಹಾಗೆ ಓಡಾಡುತ್ತಾರೆ.

ನಾನು ಹುಟ್ಟಿದ್ದು ಕುಶಾಲನಗರದ ಹತ್ತಿರ. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆ ನಮ್ಮದು. ಅಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಅಳೆಯುವ ರೂಢಿ ಇರಲಿಲ್ಲ. ಮದುವೆಯಾಗಿ ವಿರಾಜಪೇಟೆ ಹತ್ತಿರದ ಬಿಟ್ಟಂಗಾಲಕ್ಕೆ ಬಂದಾಗ ನನಗೆ ಮಳೆ ಓದುವುದನ್ನು ಕಲಿಸಿದ್ದು ನಮ್ಮ ಓರಗಿತ್ತಿ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ಸೀರೆಯ ನೆರಿಗೆ ಎತ್ತಿ ಕಟ್ಟಿ, ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹೇಳಿಕೊಟ್ಟಿದ್ದರು: "ಅಂಚು ನೋಡಬೇಡ ಕಣೆ, ಅಂಚು ಸುಳ್ಳು ಹೇಳುತ್ತೆ. ನಡುವೆ ತಗ್ಗಿರುತ್ತಲ್ಲ, ಆ ನೀರಿನ ಹೊಟ್ಟೆ ನೋಡು." ಎಷ್ಟು ಚೆಂದ ಇತ್ತು ಆ ಕಾಲ! ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಕ್ಕೂ ನಕ್ಕೂ ಅತ್ತೆಯ ಕೈಲಿ ಬೈಸಿಕೊಳ್ಳುತ್ತಿದ್ದೆವು.

ಆಮೇಲೆ ಮನೆ ಎರಡಾಯಿತು, ಜಗಳವಿಲ್ಲದೆ. ಅಕ್ಕನ ಮನೆ ನಡುವಿನ ಹಳ್ಳದ, ಅಂದರೆ ತೋಡಿನ ಆಚೆ, ನಮ್ಮದು ಈಚೆ. ಮಾವ ದೊಡ್ಡ ಮಗನ ಜೊತೆ ಉಳಿದರು, ಅವರ ಮಳೆಪುಸ್ತಕವೂ ಅಲ್ಲೇ ಉಳಿಯಿತು. ಅದರಲ್ಲಿ ಎರಡು ಕಾಲಂ: ಆಚೆ ಮನೆ, ಈಚೆ ಮನೆ. ಈ ಫೋನು ಬಂದದ್ದೂ ಆಗಲೇ. ಅಕ್ಕ ನಾನು ಇಬ್ಬರೂ ಬಸ್ಸಿನಲ್ಲಿ ಮಡಿಕೇರಿಗೆ ಹೋಗಿ, ಒಂದೇ ಅಂಗಡಿಯಲ್ಲಿ ಒಂದೇ ತರದ್ದು ತಗೊಂಡೆವು. ಅಂಗಡಿಯವರು "ಬಣ್ಣನಾದರೂ ಬೇರೆ ತಗೊಳ್ಳಿ, ಅದಲುಬದಲು ಆಗುತ್ತೆ" ಅಂದರು. ಅಕ್ಕ, "ಆದರೆ ಆಗಲಿ, ನಮ್ಮಲ್ಲಿ ಏನು ಗುಟ್ಟು?" ಅಂದರು. ಬರುವ ದಾರಿಯಲ್ಲಿ ಒಂದು ಸೀಟಿನಲ್ಲಿ ಒತ್ತಿ ಕೂತು ಒಬ್ಬರಿಗೊಬ್ಬರು ಮೆಸೇಜು ಕಳಿಸಿಕೊಂಡೆವು. ಮೊದಲನೆಯದು ಇನ್ನೂ ಇದರಲ್ಲಿದೆ: "ಊಟಕ್ಕೆ ಏನು?"

ಜಗಳ ಆದದ್ದು ಅದರ ಮುಂದಿನ ಮಾರ್ಚಿನಲ್ಲಿ, ನಂಟರ ಮನೆಯ ಮದುವೆ ಊಟದ ಸಾಲಿನಲ್ಲಿ. ಹಿಂದಿನ ದಿನ ಹೂಮಳೆ ಬಿದ್ದಿತ್ತು. ಎಲೆ ಮುಂದೆ ಕೂತವರೆಲ್ಲ ತಮ್ಮ ತಮ್ಮ ಸೆಂಟು ಹೇಳುತ್ತಿದ್ದರು. ನಾನು ಹೆಮ್ಮೆಯಿಂದ ಒಂದಿಂಚು ಮೂವತ್ತು ಅಂದೆ. ಅಕ್ಕ ಎದುರು ಸಾಲಿನಿಂದ, ಎಲ್ಲರಿಗೂ ಕೇಳುವ ಹಾಗೆ, "ತೋಡಿನ ಆಚೆ ಒಂದಿಂಚೂ ಇಲ್ಲ, ಈಚೆ ಮೂವತ್ತು ಹೆಚ್ಚಾ? ಸಿಲ್ವರ್ ಓಕ್ ಮರದ ಕೆಳಗೆ ಮಾಪಕ ಇಟ್ಟಿದ್ದಾಳೆ, ಎಲೆ ನೀರೆಲ್ಲ ಲೆಕ್ಕಕ್ಕೆ ಬರುತ್ತೆ. ಪಾಪ, ಅವಳ ಊರಲ್ಲಿ ಮಳೆ ಎಲ್ಲಿತ್ತು, ಅಳೆದು ಗೊತ್ತಿರೋಕೆ?" ಅಂದುಬಿಟ್ಟರು. ಸಾಲಿಗೆ ಸಾಲೇ ನಕ್ಕಿತು. ಪಾಯಸ ಬಡಿಸುವವನೂ ನಕ್ಕ!

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಅವತ್ತು ಬಂದದ್ದು ಕೋಪ ಅಲ್ಲ, ಅಳು. ಮರದ ವಿಷಯಕ್ಕಲ್ಲ. ಮಳೆ ಓದೋಕೆ ಕಲಿಸಿದವರೇ ನನ್ನನ್ನು ಹೊರಗಿನವಳು ಮಾಡಿದರಲ್ಲ ಅಂತ. ಎಲೆ ಮಡಿಸಿ ಎದ್ದು ಬಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ಹಿಂದಿನಿಂದ ಅಕ್ಕನ ದನಿ ಕೇಳಿಸಿತು. ಅವತ್ತಿನಿಂದ ಮಾತು ನಿಂತಿತು.

ಮಾಪಕ ಆ ಮರದ ಕೆಳಗೆ ಯಾಕಿತ್ತು ಅಂದರೆ, ಅಡುಗೆಮನೆ ಕಿಟಕಿಯಿಂದ ಕಾಣಲಿ ಅಂತ, ಜಿಗಣೆ ಇರುವ ಹುಲ್ಲಿನಲ್ಲಿ ನಡೆಯುವುದು ತಪ್ಪಲಿ ಅಂತ. ಅವರು ಹೇಳಿದ ಮೇಲೆ ಸರಿಸಿದರೆ ತಪ್ಪು ಒಪ್ಪಿದ ಹಾಗಾಗುತ್ತದಲ್ಲ? ಸರಿಸಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಾವ ಇಬ್ಬರಿಗೂ ಬುದ್ಧಿ ಹೇಳಿ ಸೋತರು. ಕೊನೆಗೆ, "ಮಾತು ಬಿಟ್ಟರೆ ಬಿಡಿ, ಮಳೆ ಬಿಡಬೇಡಿ. ನನ್ನ ಪುಸ್ತಕ ಖಾಲಿ ಇರಕೂಡದು" ಅಂದರು. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ನಾನು ನನ್ನ ಸಂಖ್ಯೆ ಕಳಿಸುತ್ತಿದ್ದೆ, ಅಕ್ಕ ಅವರದು ಕಳಿಸುತ್ತಿದ್ದರು. ಬರೀ ಸಂಖ್ಯೆ. ಎರಡು ವರ್ಷಕ್ಕೆ ಮಾವ ತೀರಿಕೊಂಡರು. ಸೂತಕದ ಹದಿನಾರು ದಿನ ಒಂದೇ ಸೂರಿನಡಿ ಬಡಿಸಿದೆವು, ತೊಳೆದೆವು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹದಿನೇಳನೆಯ ಬೆಳಿಗ್ಗೆ ಇನ್ನು ಕಳಿಸಬೇಕಾ ಬೇಡವಾ ಅಂತ ಫೋನು ಹಿಡಿದು ಕೂತಿದ್ದೆ. ಟಿಂಗ್ ಅಂತು. "40." ನಾನೂ ಕಳಿಸಿದೆ, "55." ಅಯ್ಯೋ, ಆ ದಿನ ಎಷ್ಟು ಸಮಾಧಾನ ಆಯಿತು ಅಂತೀರಿ!

ಆರು ವರ್ಷ ಹೀಗೇ ನಡೆಯಿತು. ಸಂಖ್ಯೆ ಎಂಟಕ್ಕೆ ಬರದೆ ಹನ್ನೊಂದಕ್ಕೆ ಬಂದರೆ ಅಕ್ಕನಿಗೆ ಜ್ವರ ಅಂತ ನನಗೆ ಗೊತ್ತಾಗುತ್ತಿತ್ತು. ಬೇಸಿಗೆಯಲ್ಲಿ ಹನಿ ಬೀಳದ ದಿನವೂ ಬಿಡುತ್ತಿರಲಿಲ್ಲ, ಆಚೆಯಿಂದ ಸೊನ್ನೆ, ಈಚೆಯಿಂದ ಸೊನ್ನೆ. ಜನವರಿ, ಫೆಬ್ರವರಿ ಪೂರ್ತಿ ಬರೀ ಸೊನ್ನೆಗಳು. ನನಗೆ ಅವೇ ಹೆಚ್ಚು ಇಷ್ಟ. ಹೇಳಲು ಏನೂ ಇಲ್ಲದ ದಿನವೂ ಹೇಳುತ್ತಿದ್ದೆವು.

ಹೋದ ವರ್ಷಕ್ಕೂ ಹಿಂದಿನ ವರ್ಷ ಆಗಸ್ಟಿನಲ್ಲಿ ಫೋನು ನೆನೆಯಿತು. ಮಳೆಗೆ ತಲೆ ಮೇಲಿಂದ ಹೊದ್ದ ಕೊಪ್ಪೆಯೊಳಗೆ, ರವಿಕೆಯಲ್ಲಿ ಇಟ್ಟುಕೊಂಡಿದ್ದೆ, ಆದರೂ ನೀರು ಹೋಯಿತು. ನಾನು ಏನು ಮಾಡಿದೆ ಗೊತ್ತಾ? ಮಳೆಗಾಲದಲ್ಲಿ ನಮ್ಮಲ್ಲಿ ಒಣಗಬೇಕಾದದ್ದೆಲ್ಲ ಒಲೆಯ ಮೇಲೆ ತೂಗುಹಾಕಿದ ಬಿದಿರಿನ ತಟ್ಟಿಗೆ ಹೋಗುತ್ತದೆ: ಸಾಕ್ಸು, ಬೆಂಕಿಪೊಟ್ಟಣ, ಹಪ್ಪಳ. ಫೋನನ್ನೂ ಒಳ್ಳೆಮೆಣಸಿನ ಪಕ್ಕದಲ್ಲಿ ಇಟ್ಟುಬಿಟ್ಟೆ. ಮಧ್ಯಾಹ್ನ ತೆಗೆದು ನೋಡಿದರೆ ಹೊಟ್ಟೆ ಪೂರಿಯ ಹಾಗೆ ಉಬ್ಬಿತ್ತು. ಯಜಮಾನರು ನೋಡಿ, "ಇನ್ನೊಂದು ಗಳಿಗೆ ಬಿಟ್ಟಿದ್ದರೆ ಊಟಕ್ಕೆ ಹಾಕಬಹುದಿತ್ತು" ಅಂದರು. ನಗು ಬರಲಿಲ್ಲ ನನಗೆ.

ವಿರಾಜಪೇಟೆಯ ರಿಪೇರಿ ಅಂಗಡಿಯವರು ಅದನ್ನು ಬಿಚ್ಚಿ ಮೂಸಿ ನೋಡಿದರು. "ಹೊಗೆ ವಾಸನೆ ಬರ್ತಿದೆ ಆಂಟಿ" ಅಂದರು. "ಬ್ಯಾಟರಿ ಹೋಗಿದೆ, ಒಳಗೂ ನೀರಿದೆ. ಬ್ಯಾಕಪ್ ಇಟ್ಟಿದ್ದೀರಾ?"

"ಹಂಗಂದ್ರೆ?"

"ಹಾಗಾದ್ರೆ ಇಲ್ಲ ಬಿಡಿ. ಹೊಸ ಫೋನಿಗೆ ಸಿಮ್ ಹಾಕಿದರೆ ಹಳೇ ಮೆಸೇಜು ಬರಲ್ಲ. ಇದು ಎದ್ದರೆ ಉಂಟು, ಏಳದಿದ್ದರೆ ಇಲ್ಲ. ಬಿಟ್ಟು ಹೋಗಿ, ನೋಡುವ."

ಅಂಗಡಿಯ ಮೆಟ್ಟಿಲು ಇಳಿಯುವಾಗ ಹೊಳೆಯಿತು. ಅಕ್ಕನದು ಅಂತ ನನ್ನ ಹತ್ತಿರ ಉಳಿದದ್ದು ಆ ಸಂಖ್ಯೆಗಳು ಮಾತ್ರ. ಅವೂ ಹೋದರೆ ನಾವಿಬ್ಬರೂ ನಿಜಕ್ಕೂ ಮಾತು ಬಿಟ್ಟವರೇ ಆಗುತ್ತೇವೆ.

ಮೂರು ಬೆಳಿಗ್ಗೆ ಅಳೆದೆ, ಕ್ಯಾಲೆಂಡರಿನ ಮೇಲೆ ಬರೆದೆ. "ನನ್ನ ಫೋನಿನಲ್ಲಿ ಕಳಿಸೇ" ಅಂದರು ಯಜಮಾನರು. ಅದರಿಂದ ಹೋದರೆ ಅಕ್ಕನಿಗೆ ಅವರ ಮೈದುನ ಕಳಿಸಿದ ಹಾಗೆ ಆಗುತ್ತದೆ, ನಾನು ಕಳಿಸಿದ ಹಾಗೆ ಆಗುವುದಿಲ್ಲ. ಬೇಡ ಅಂದೆ. ಅಣ್ಣ ತಮ್ಮಂದಿರು ಎದುರಾಗುವುದು ಸಂತೆಯ ದಿನ ಮಾತ್ರ, ಅದಕ್ಕಿನ್ನೂ ದಿನವಿತ್ತು.

ನಾಲ್ಕನೆಯ ಬೆಳಿಗ್ಗೆ ಒಲೆ ಊದುತ್ತಿದ್ದೆ. ಅಂಗಳದಿಂದ ದನಿ ಬಂತು: "ಏನೇ, ಬದುಕಿದ್ದೀಯೋ ಇಲ್ಲವೋ?"

ಎದ್ದು ನೋಡಿದರೆ ಅಕ್ಕ. ಕೊಡೆ ಗಾಳಿಗೆ ತಿರುಗಿ ಹೋಗಿದೆ. ತುಂಬಿದ ತೋಡು ದಾಟಲಾಗದೆ, ರಸ್ತೆ ಸುತ್ತಿ ಎರಡು ಮೈಲಿ ನಡೆದು ಬಂದಿದ್ದಾರೆ, ಮಂಡಿ ನೋವಿನ ಹೆಂಗಸು. ಕಾಲಿನ ತುಂಬ ಜಿಗಣೆ, ರಕ್ತ ಇಳಿಯುತ್ತಿದೆ.

"ಫೋನು ಹಾಳಾಗಿದೆ ಅಕ್ಕಾ" ಅಂದೆ. ಆ ಪದ ಆರು ವರ್ಷದ ಮೇಲೆ ತಾನಾಗಿಯೇ ಬಾಯಿಗೆ ಬಂತು.

"ಫೋನು ಹಾಳಾದರೆ ಬಾಯಿಗೇನು ಬಂದಿತ್ತು ರೋಗ? ಮೊದಲನೇ ದಿನ ಟವರ್ ಇಲ್ಲ ಅಂದುಕೊಂಡೆ. ಎರಡನೇ ದಿನ ಕರೆಂಟು ಇಲ್ಲ ಅಂದುಕೊಂಡೆ. ಮೂರನೇ ದಿನ ಅನ್ನ ಇಳಿಯಲಿಲ್ಲ ಕಣೆ."

"ಇವರಿಗೆ ಫೋನ್ ಮಾಡಿ ಕೇಳಬಹುದಿತ್ತಲ್ಲ."

"ಯಾಕೆ ಕೇಳಬೇಕು? ನಿನ್ನೊಬ್ಬಳಿಗೇನಾ ಹಟ ಇರೋದು?"

ಜಗುಲಿಯಲ್ಲಿ ಕೂರಿಸಿ ಉಪ್ಪು ಹಚ್ಚಿ ಒಂದೊಂದೇ ಜಿಗಣೆ ಬಿಡಿಸಿದೆ. ಬಿಡಿಸುತ್ತ ಬಿಡಿಸುತ್ತ ಅತ್ತುಬಿಟ್ಟೆ. ಅವರೂ ಅತ್ತರು, ಅಳುತ್ತಲೇ "ಮೆಲ್ಲಗೆ ಎಳೆಯೇ, ಚರ್ಮ ಕಿತ್ತು ಬರುತ್ತೆ" ಅಂತ ಬೈದರು. ಬೆಲ್ಲದ ಕಾಫಿ ಕೊಟ್ಟೆ. ಲೋಟ ಹಿಡಿದು ಅಂಗಳದ ಕಡೆ ನೋಡಿದರು. ಮಾಪಕ ಅಲ್ಲೇ ಇತ್ತು, ಸಿಲ್ವರ್ ಮರದ ಕೆಳಗೆ, ಎಲೆಗಳಿಂದ ತೊಟ್ಟಿಕ್ಕುವುದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ. ಅವರು ಹೇಳಲಿಲ್ಲ.

ನಾನೇ ಕೇಳಿದೆ, "ಮಾವನ ಪುಸ್ತಕ ಇದೆಯಾ?"

"ಇದೆ. ಈಗ ನಾನೇ ಬರೀತಿದ್ದೀನಿ. ಈಚೆ ಮನೆ ಕಾಲಂ ಮೂರು ದಿನದಿಂದ ಖಾಲಿ ಬಿಟ್ಟಿದ್ದೀನಿ."

"ನನ್ನ ಲೆಕ್ಕ ಸುಳ್ಳು ಅಂದಿದ್ದಿರಲ್ಲ. ಏನು ಬರೆದಿದ್ದೀರಿ ಅದರಲ್ಲಿ?"

ಅಕ್ಕ ಲೋಟ ಕೆಳಗಿಟ್ಟರು. "ನೀನು ಕಳಿಸಿದ್ದೇ ಬರೆದಿದ್ದೀನಿ. ಒಂದು ಸೆಂಟೂ ತೆಗೆದಿಲ್ಲ" ಅಂದರು.

ಅವರು ಎದ್ದು ಹೊರಟ ಮೇಲೆ, ಅದೇ ಮಳೆಯಲ್ಲಿ, ಗುದ್ದಲಿ ತಗೊಂಡು ಮಾಪಕ ಕಿತ್ತೆ. ಕಾಫಿ ಒಣಗಿಸುವ ಕಣದ ಆಚೆ, ಮೇಲೆ ಬರೀ ಆಕಾಶ ಇರುವ ಕಡೆ ನೆಟ್ಟೆ.

ಎರಡು ದಿನ ಕಳೆದು ಅಂಗಡಿಯವರು ಹೇಳಿ ಕಳಿಸಿದರು, ಫೋನು ಎದ್ದಿದೆ ಅಂತ. ಹೊಸ ಬ್ಯಾಟರಿ ಹಾಕಿದ್ದರು, ಮುಚ್ಚಳ ಮಾತ್ರ ಇನ್ನು ಕೂರುವುದಿಲ್ಲ ಅಂದರು. ಅಂಗಡಿಯಲ್ಲೇ ತೆರೆದೆ. "ಊಟಕ್ಕೆ ಏನು?" ಇತ್ತು. ಸೊನ್ನೆಗಳು ಇದ್ದವು. ನೋಡುತ್ತಿದ್ದ ಹಾಗೇ ನಿಂತುಹೋಗಿದ್ದ ಮೆಸೇಜುಗಳು ಟಿಂಗ್ ಟಿಂಗ್ ಅಂತ ಬಂದವು. ಮೂರು ದಿನದ ಮೂರು ಸಂಖ್ಯೆ. ಮೂರನೆಯದರ ಕೆಳಗೆ, ಆರು ವರ್ಷದಲ್ಲಿ ಮೊದಲ ಸಲ, ಅಂಕಿ ಅಲ್ಲದ್ದು ಒಂದು ಇತ್ತು. "ಯಾಕೆ?"

ಬಸ್ ಸ್ಟ್ಯಾಂಡಿನಲ್ಲಿ ನಿಂತು, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಆ ಬೆಳಿಗ್ಗೆ ಅಳೆದದ್ದನ್ನು ಕಳಿಸಿದೆ. "2.85. ಮಾಪಕ ಬಯಲಿಗೆ ಹಾಕಿದೆ. ನೀವು ಹೇಳಿದ್ದೇ ಸರಿ ಅಕ್ಕಾ."

ಬಸ್ಸು ಬರುವ ಮೊದಲೇ ಉತ್ತರ ಬಂತು. "ಗೊತ್ತು. ನಮ್ಮಲ್ಲಿ 2.83."

ಈಗ ನಾವು ದಿನಾ ಮಾತಾಡುತ್ತೇವೆ, ಜಗಳವನ್ನೂ ಬಾಯಲ್ಲೇ ಆಡುತ್ತೇವೆ. ಮಳೆಯ ಸಂಖ್ಯೆ ಫೋನಿಗೆ ಬರುವುದು ನಿಂತೇ ಹೋಗಿದೆ. ಮಗಳು ಬಂದಾಗಲೆಲ್ಲ ಬೀರು ತೆರೆದು ಹೊಸ ಡಬ್ಬ ತೋರಿಸಿ, "ಹಳೇದೆಲ್ಲ ಇದಕ್ಕೆ ಹಾಕಿಕೊಡ್ತೀನಮ್ಮಾ, ಒಂದಕ್ಷರ ಹೋಗಲ್ಲ" ಅನ್ನುತ್ತಾಳೆ. ಅವಳು ಹೇಳುವುದು ನಿಜವೇ ಇರಬಹುದು. ನಾನು ಬೇಡ ಅನ್ನುತ್ತೇನೆ. ಮೊನ್ನೆ ಅಕ್ಕನ ಮನೆಗೆ ಹೋದಾಗ ಅವರ ಫೋನು ಕಿಟಕಿಯ ಮೇಲಿತ್ತು, ಅದೇ ಬಣ್ಣ, ಅದಕ್ಕೂ ರಬ್ಬರ್ ಬ್ಯಾಂಡ್. "ನೀವ್ಯಾಕೆ ಹೊಸದು ತಗೊಂಡಿಲ್ಲ?" ಅಂತ ಕೇಳಿದೆ. ಕಾಫಿ ಸೋಸುತ್ತಿದ್ದವರು ತಿರುಗಿಯೂ ನೋಡಲಿಲ್ಲ.

"ಆ ಆರು ವರ್ಷ ನೀನು ಇದರಲ್ಲಿ ತಾನೇ ಇದ್ದಿದ್ದು" ಅಂದರು.