ನೆಗೆಟಿವ್ ಇಲ್ಲದ ಮದುವೆ ಫೋಟೋ

2006ನೇ ಇಸವಿ. ಅರಸೀಕೆರೆಯಲ್ಲಿ ನಾನು ವಕೀಲಿಕೆ ಶುರು ಮಾಡಿ ಇಪ್ಪತ್ತು ವರ್ಷ ದಾಟಿತ್ತು. ಜಮೀನಿನ ತಕರಾರು, ತೆಂಗಿನ ತೋಟದ ಬೇಲಿ ಜಗಳ, ಜೀವನಾಂಶದ ಅರ್ಜಿ, ಇವೇ ನನ್ನ ಕೇಸುಗಳು. ಬೆಳಿಗ್ಗೆ ಕೋರ್ಟಿಗೆ ಹೋಗಿ ವಾಯಿದೆ ಪಡೆಯುವುದು, ಸಂಜೆ ಕಕ್ಷಿದಾರರಿಗೆ ‘ಇವತ್ತೂ ಆಗಲಿಲ್ಲ’ ಎನ್ನುವುದು. ಆ ಮಾತು ಹೇಳಿ ಹೇಳಿ ನನಗೇ ಸಾಕಾಗಿಹೋಗಿತ್ತು.

ಆಗ ಹಾರನಹಳ್ಳಿ ಕಡೆಯ ಸುಶೀಲ ಎಂಬ ಹೆಣ್ಣುಮಗಳು ನನ್ನ ಆಫೀಸಿಗೆ ಬಂದಳು. ಕಂಕುಳಲ್ಲಿ ಎರಡು ವರ್ಷದ ಮಗಳು, ಕೈಯಲ್ಲಿ ಒಂದು ಫೋಟೋ. ಮೂರು ವರ್ಷದ ಹಿಂದೆ ಮಾಲೇಕಲ್ಲಿನ ಬೆಟ್ಟದ ಮೇಲೆ, ವೆಂಕಟರಮಣನ ಸನ್ನಿಧಿಯಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರ ಮಗ ಮಹೇಶ ಎಂಬ ಹುಡುಗ ಅವಳಿಗೆ ತಾಳಿ ಕಟ್ಟಿದ್ದ. ಅವನ ಮನೆಯವರು ಒಪ್ಪಿರಲಿಲ್ಲ. ಮದುವೆ ನೋಂದಣಿಯೂ ಆಗಿರಲಿಲ್ಲ. ಮಗು ಹುಟ್ಟಿದ ಮೇಲೆ ಅವನು ತಂದೆಯ ಮನೆಗೆ ವಾಪಸ್ಸು ಹೋಗಿ, ಈಗ ಇವಳ ಪರಿಚಯವೇ ಇಲ್ಲ ಎನ್ನುತ್ತಿದ್ದ. ಮದುವೆಗೆ ಬಂದಿದ್ದ ನಾಲ್ವರೂ ಅವನ ಗೆಳೆಯರೇ. ಕೋರ್ಟು ಎಂದೊಡನೆ ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು.

ಜೀವನಾಂಶ ಎಷ್ಟು ಬೇಕಮ್ಮ ಎಂದು ಕೇಳಿದೆ.

“ಅದು ಆಮೇಲೆ ನೋಡಾಣ ಸಾರ್. ನಾಳೆ ಇವಳನ್ನ ಇಸ್ಕೂಲಿಗೆ ಸೇರ್ಸೋವಾಗ ಅಪ್ಪನ ಹೆಸ್ರು ಏನಂತ ಬರೆಸ್ಲಿ? ಆಯಪ್ಪ ನನ್ನ ಗಂಡ ಅಂತ ಕೋರ್ಟು ಒಂದು ಮಾತು ಹೇಳ್ಲಿ, ಸಾಕು.”

ನಮ್ಮ ಕೈಯಲ್ಲಿದ್ದದ್ದು ಆ ಫೋಟೋ ಒಂದೇ. ತೆಗೆದವನು ಹಳೇಬೀಡಿನ ಸೋಮಣ್ಣ. ಗುಡಿ ನೋಡಲು ಬರುವ ಪ್ರವಾಸಿಗರ ಫೋಟೋ ತೆಗೆದು ಬದುಕುತ್ತಿದ್ದವನು, ಆ ಸೀಮೆಗೆಲ್ಲ ಮೊದಲು ಡಿಜಿಟಲ್ ಕ್ಯಾಮೆರಾ ಕೊಂಡವನು. ಸಾಕ್ಷಿ ಹೇಳಲು ಖುಷಿಯಿಂದಲೇ ಒಪ್ಪಿದ.

ಕಷ್ಟ ಶುರುವಾದದ್ದು ಅಲ್ಲೇ. ಫೋಟೋ ಹಾಜರುಪಡಿಸಿದರೆ ಅದರ ನೆಗೆಟಿವ್ ಕೂಡ ಹಾಜರುಪಡಿಸಬೇಕು ಎಂಬುದು ನಾವೆಲ್ಲ ಕಲಿತ ಪಾಠ. ಡಿಜಿಟಲ್ ಕ್ಯಾಮೆರಾಗೆ ನೆಗೆಟಿವ್ ಎಲ್ಲಿಂದ ತರುವುದು? ಆರು ವರ್ಷ ಹಿಂದೆ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದಾಗ ಸಾಕ್ಷ್ಯ ಕಾಯ್ದೆಗೆ 65ಬಿ ಎಂಬ ಹೊಸ ಕಲಮು ಸೇರಿತ್ತು. ಕಂಪ್ಯೂಟರಿನಿಂದ ಬಂದ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಬೇಕಾದರೆ, ಆ ಕಂಪ್ಯೂಟರು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಅದರ ಹೊಣೆ ಹೊತ್ತವರು ದೃಢೀಕರಣ ಪತ್ರ ಕೊಡಬೇಕು. ನಮ್ಮ ಬಾರ್ ರೂಮಿನಲ್ಲಿ ಆ ಕಲಮನ್ನು ಪೂರ್ತಿ ಓದಿದವರೇ ಕಡಿಮೆ. ಸೋಮಣ್ಣನ ಕಂಪ್ಯೂಟರೋ, ವೋಲ್ಟೇಜು ಏರಿ ಸುಟ್ಟುಹೋಗಿ ಗುಜರಿ ಸೇರಿತ್ತು. ಸತ್ತ ಕಂಪ್ಯೂಟರಿನ ಆರೋಗ್ಯಕ್ಕೆ ಪತ್ರ ಬರೆಯುವ ಕೆಲಸ ನನ್ನದಾಯಿತು. ಬರೆದೆ, ಅವನು ಸಹಿ ಹಾಕಿದ. ಎದುರು ವಕೀಲರು ಆಕ್ಷೇಪಣೆ ಸಲ್ಲಿಸಿದರು. ಆಕ್ಷೇಪಣೆಯನ್ನು ಕೊನೆಯಲ್ಲಿ ತೀರ್ಮಾನಿಸೋಣ ಎಂದು ಮ್ಯಾಜಿಸ್ಟ್ರೇಟರು ಫೋಟೋಗೆ ಸೀಲು ಹೊಡೆಸಿ, ನಿಶಾನೆ ಪಿ-1 ಎಂದು ಗುರುತು ಹಾಕಿಸಿದರು.

ಪಾಟೀಸವಾಲಿನ ದಿನ ಎದುರು ವಕೀಲರು ಸುಮ್ಮನೆ ಒಂದು ಪ್ರಶ್ನೆ ಎಸೆದರು. “ಈ ಫೋಟೋನ ಕಂಪ್ಯೂಟರಿನಲ್ಲಿ ತಿದ್ದಿದ್ದೀರಾ?”

“ಹೂಂ ಸಾರ್,” ಎಂದ ಸೋಮಣ್ಣ, ಹೊಗಳಿಸಿಕೊಂಡವನಂತೆ. “ಹಿಂದೆ ನಾಲ್ಕು ಜನ ಅಡ್ಡಾದಿಡ್ಡಿ ನಿಂತಿದ್ರು. ಚೆನ್ನಾಗಿ ಕಾಣ್ತಿರ್ಲಿಲ್ಲ, ತೆಗೆದೆ. ತಾಳಿ ಕಟ್ಟೋವಾಗ ಗಂಡು ಕಣ್ಣು ಮುಚ್ಚಿದ್ರು. ಅವರದೇ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂರ್ಸಿದೆ.”

ಮದುವೆಗೆ ಸಾಕ್ಷಿಯಾಗಿದ್ದ ನಾಲ್ವರನ್ನೂ ಇವನು ಅಂದಕ್ಕಾಗಿ ಅಳಿಸಿಬಿಟ್ಟಿದ್ದ. ‘ಇದನ್ನು ಮೊದಲೇ ಯಾಕೆ ಹೇಳಲಿಲ್ಲ’ ಎಂಬಂತೆ ನಾನು ನೋಡಿದ್ದು ಅವನಿಗೆ ತಿಳಿಯಿತು.

“ಅದನ್ನೂ ಹೇಳ್ಬೇಕಿತ್ತಾ ಸಾರ್? ಎಲ್ಲರ ಮದುವೇಗೂ ಮಾಡಿಕೊಡ್ತೀವಲ್ಲ!”

ಎದುರು ವಕೀಲರು ನಗುತ್ತಾ ಕೂತರು. ಸುಶೀಲ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತು. ಹೇಗೂ ಕೇಸು ಕೈತಪ್ಪಿದಂತೆಯೇ ಎಂದುಕೊಂಡು ಎದ್ದು ನಿಂತು, ಮರುಸವಾಲಿನಲ್ಲಿ ಸೋಮಣ್ಣನಿಗೆ ಒಂದೇ ಪ್ರಶ್ನೆ ಕೇಳಿದೆ: ಕಣ್ಣು ತಿದ್ದಿಕೊಡು ಎಂದು ಕೇಳಿದವರು ಯಾರು?

“ಇವ್ರೇ ಸಾರ್, ಮಹೇಶಪ್ನೋರು. ಅಂಗ್ಡಿಗೆ ಬಂದು ಪಕ್ಕದಲ್ಲೇ ಕೂತು ಮಾಡಿಸ್ಕೊಂಡ್ರು. ಮುಖಾನೂ ಒಸಿ ಬೆಳ್ಳಗೆ ಮಾಡು ಅಂದ್ರು.”

ಕೋರ್ಟಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಹೇಶನ ಮುಖ ಕೆಂಪಗಾಯಿತು. ಅವನ ವಕೀಲರು ಕೈ ಚಾಚುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

“ಬೆಳ್ಳಗೆ ಮಾಡು ಅಂದಿದ್ದು ನಾನಲ್ಲ ಕಣೋ, ಇವಳು!”

ನಗು ನಿಂತಿತು. ಪರಿಚಯವೇ ಇಲ್ಲದವಳ ಕಡೆಗೆ ಅವನ ಬೆರಳು ಚಾಚಿಕೊಂಡೇ ಇತ್ತು. ಮ್ಯಾಜಿಸ್ಟ್ರೇಟರು ಆ ಮಾತನ್ನು ಅವನು ಆಡಿದಂತೆಯೇ ಬರೆಸಿಕೊಂಡರು.

ಆದೇಶ ಸುಶೀಲಳ ಪರವಾಗಿ ಬಂತು. ಮಹೇಶ ಮೇಲಿನ ಕೋರ್ಟಿಗೆ ಹೋದ. 65ಬಿ ಕಲಮಿನ ಮೇಲೆ ನಾನು ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ ಓದಿ ಓದಿ ವಾದ ಸಿದ್ಧ ಮಾಡಿದೆ. ವಾಯಿದೆ ಮೇಲೆ ವಾಯಿದೆ. ಆ ನಡುವೆಯೇ ಮಗು ಶಾಲೆಗೆ ಸೇರಿತು, ಕೇಸು ಇನ್ನೂ ಇತ್ಯರ್ಥವಾಗದೆ ತಂದೆಯ ಹೆಸರಿನ ಜಾಗ ಖಾಲಿಯೇ ಇತ್ತು. ಕೊನೆಗೆ ಅವನ ಅರ್ಜಿ ವಜಾ ಆಯಿತು. ಕೆಳಗಿನ ಕೋರ್ಟಿನಲ್ಲಿ ಅವನೇ ಆಡಿದ ಮಾತು ಸಾಕು, ಫೋಟೋದ ಕಾನೂನು ಪ್ರಶ್ನೆಯನ್ನು ಇಲ್ಲಿ ನಿರ್ಧರಿಸುವ ಅಗತ್ಯವಿಲ್ಲ ಎಂದು ಆದೇಶದಲ್ಲಿತ್ತು. ನಾನು ಓದಿದ್ದೆಲ್ಲ ಹಾಗೇ ಉಳಿಯಿತು.

ಆಮೇಲೆ ಮೊಬೈಲು ಬಂತು, ಪೆನ್ ಡ್ರೈವ್ ಬಂತು. ಪ್ರತಿ ಸಲವೂ ಕಾಯ್ದೆ ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಯಂತ್ರ ಮುಂದಿನ ಊರಿಗೆ ಹೋಗಿರುತ್ತಿತ್ತು. ಅದರ ಹಿಂದೆ ಓಡುವುದು ನನ್ನ ಕೈಲಾಗಲಿಲ್ಲ. ಆ ಕೇಸಿನಿಂದ ಕಲಿತದ್ದು ಒಂದೇ. ಯಾರಾದರೂ ಫೋಟೋ ತಂದರೆ ಅಸಲು ಎಲ್ಲಿ ಎಂದು ಆಮೇಲೆ ಕೇಳುತ್ತೇನೆ. ಇದಕ್ಕೆ ಏನೇನು ಮಾಡಿಸಿದ್ದೀರಿ, ಮಾಡಿಸಿದವರು ಯಾರು ಎಂದು ಮೊದಲು ಕೇಳುತ್ತೇನೆ.

ಎಲ್ಲ ಮುಗಿದ ಮೇಲೆ ಅರ್ಜಿ ಹಾಕಿ ಆ ಫೋಟೋವನ್ನು ಕೋರ್ಟಿನಿಂದ ಬಿಡಿಸಿ ಸುಶೀಲಳ ಕೈಗೆ ಕೊಟ್ಟೆ. ಅಂದು ಸೋಮಣ್ಣನೂ ಬಂದಿದ್ದ. ಮದುಮಗಳ ಸೆರಗಿನ ಮೇಲೆ ಕೋರ್ಟಿನ ನೇರಳೆ ಸೀಲು ನೋಡಿ ಅವನಿಗೆ ಕಸಿವಿಸಿಯಾಯಿತು.

“ಕೊಡಕ್ಕ ಇಲ್ಲಿ. ಸ್ಕ್ಯಾನ್ ಮಾಡಿ ಈ ಸೀಲು ತೆಗೆದುಕೊಡ್ತೀನಿ. ಗೊತ್ತೇ ಆಗಲ್ಲ.”

ಸುಶೀಲ ಫೋಟೋವನ್ನು ಎದೆಗೆ ಒತ್ತಿಕೊಂಡಳು. “ಬ್ಯಾಡ ಕಣಣ್ಣ. ನೀನು ತೆಗೆದಿದ್ದು ಸಾಕು. ಇದೊಂದು ಇರ್ಲಿ.”