ಹಿಂದಿನ ಚಕ್ರದ ನಟ್ಟು

ಬಾಳಿನಲ್ಲಿ ಬಿಗಿಯಾಗಿರಬೇಕಾದದ್ದು ಶಿಸ್ತು ಎಂದು ದೊಡ್ಡವರು ಹೇಳುತ್ತಾರೆ. ಭದ್ರಾವತಿಯ ನಮ್ಮ ಮೆಕ್ಯಾನಿಕ್ ಪ್ರಕಾರ ಅದು ಹಿಂದಿನ ಚಕ್ರದ ನಟ್ಟು. ಅದರ ಬಿಗಿತ ಅವರ ಹಳೇ ಪುಸ್ತಕದಲ್ಲಿ ಕೆಜಿ-ಮೀಟರ್, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ ನ್ಯೂಟನ್-ಮೀಟರ್. ಹಾಗಾಗಿ ಪ್ರತಿ ಸಲವೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಣಾಕಾರ. “ಅಂದಾಜು ಅಡುಗೆಗೆ ಸರಿ, ಮಾರಾಯ,” ಎನ್ನುತ್ತಿದ್ದರು.

ಶಿವಮೊಗ್ಗದಲ್ಲಿ ಅವರ ಹೆಂಡತಿಯನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುತ್ತಾರೆಂದು ಫೋನ್ ಬಂದಾಗ ಅವರು ನನ್ನ ಬೈಕಿನ ಚಕ್ರ ಕೂರಿಸುತ್ತಿದ್ದರು. ನಾವು ಹೋಗಬೇಕಾದದ್ದೂ ಅದರಲ್ಲೇ.

“ಹೇಗೋ ಬಿಗಿ ಮಾಡಿ, ಹೊರಡೋಣ,” ಎಂದೆ.

ಅವರು ಸೀಮೆಸುಣ್ಣ ಹಿಡಿದು ಪುಸ್ತಕದ ಐದೂವರೆಯನ್ನು ಒಂಬತ್ತು ಪಾಯಿಂಟ್ ಎಂಟರಿಂದ ಗುಣಿಸಿದರು, ತಪ್ಪಿತು, ಒರೆಸಿ ಮತ್ತೆ ಗುಣಿಸಿದರು.

ನಾವು ತಲುಪುವಷ್ಟರಲ್ಲಿ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತ್ತು. ಸಂಜೆ ಆಕೆ ಕಣ್ಣು ಬಿಟ್ಟು, “ಯಾಕ್ರೀ ತಡ? ಎಷ್ಟು ಬಂತು ಲೆಕ್ಕ?” ಎಂದರು.

“ಐವತ್ನಾಲ್ಕು,” ಎಂದರು ಮೆಕ್ಯಾನಿಕ್.