ತಂಡದ ಫೋಟೋದಲ್ಲೊಂದು ಕಿಂಡಿ

ಫೋನು ಬಂದಾಗ ನಾನು ಸಿದ್ದಾಪುರದ ನಮ್ಮ ಶಾಲೆಯಲ್ಲಿ ಮಕ್ಕಳನ್ನು ಬಿಸಿಯೂಟಕ್ಕೆ ಕೂರಿಸುತ್ತಿದ್ದೆ. ಗೊತ್ತಿಲ್ಲದ ನಂಬರು. ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ನನ್ನ ಗಂಡನ ಮಾರಿ ಮ್ಯಾಲ ಚಂಡು ಇಟ್ಟೀರಂತಲ್ರಿ?"

ಯಾರು, ಏನು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಗಂಗಾವತಿಯ ಹಳೆಯ ಫುಟ್‌ಬಾಲ್ ತಂಡವೊಂದರ ಫೋಟೋಗಳನ್ನೂ ಕತೆಗಳನ್ನೂ ನಾವು ಫೇಸ್‌ಬುಕ್ ಪೇಜಿನಲ್ಲಿ ಹಾಕುತ್ತೇವೆ. ನಾವು ಅಂದರೆ ನಾನು, ಮತ್ತು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಗೆಳೆಯ. ತಂಡ ಈಗ ಇಲ್ಲ. ಅದು ಆಡುತ್ತಿದ್ದ ಬಯಲಿನಲ್ಲಿ ಲಾರಿಗಳು ನಿಲ್ಲುತ್ತವೆ. ಅಕ್ಕಿ ಗಿರಣಿಯ ಹಮಾಲರು ಸಂಜೆ ಮೈಮೇಲಿನ ತೌಡು ಕೊಡವಿಕೊಂಡು ಬಂದು ಆಡುತ್ತಿದ್ದ ತಂಡ ಅದು. ನಮ್ಮ ಮನೆ ಬಯಲಿನ ಪಕ್ಕದಲ್ಲೇ ಇತ್ತು. ಹುಡುಗಿಯರು ಬಯಲಿಗೆ ಹೋಗುವಂತಿರಲಿಲ್ಲವಾದ್ದರಿಂದ ನಾನು ಮಾಳಿಗೆ ಹತ್ತಿ ನೋಡುತ್ತಿದ್ದೆ. ಎಲ್ಲರೂ ಕ್ರಿಕೆಟ್ ನೋಡುವ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು ಎಂದು ಮನೆಯಲ್ಲಿ ಹಂಗಿಸುತ್ತಾರೆ. ಹಂಗಿಸಲಿ. ನನಗೆ ಬೇಕು.

ಇಡೀ ತಂಡ ಒಟ್ಟಿಗಿರುವ ಫೋಟೋ ಉಳಿದಿದ್ದು ಒಂದೇ ಒಂದು. ಅದು ಕ್ಯಾಪ್ಟನ್ ಆಗಿದ್ದವರ ಮನೆಯ ಟ್ರಂಕಿನಲ್ಲಿತ್ತು. ಮುಂದಿನ ಸಾಲಿನಲ್ಲಿ ಮಂಡಿಯೂರಿದ ಒಬ್ಬ ಆಟಗಾರನಿಗೆ ಮುಖವೇ ಇರಲಿಲ್ಲ. ಅಂಚೆ ಚೀಟಿಯಷ್ಟು ಜಾಗವನ್ನು ನೀಟಾಗಿ ಕೊಯ್ದು ತೆಗೆಯಲಾಗಿತ್ತು.

"ನಾನs ಬ್ಲೇಡ್‌ಲೆ ಕೊಯ್ದು ಕೊಟ್ಟೆ ತಂಗಿ," ಎಂದರು ಕ್ಯಾಪ್ಟನ್. "ಕಾಮಾಲಿ ಆಗಿ ಸತ್ತ. ಮನ್ಯಾಗ ಒಂದೂ ಫೋಟೋ ಇರ್ಲಿಲ್ಲ. ದಿವಸದ ಕಾರ್ಯಕ್ಕ ಗ್ವಾಡಿಗೆ ಫೋಟೋ ಬೇಕಲ್ಲ?"

ನಮ್ಮ ಕಡೆ ಆಗ ಹಾಗೇ ಮಾಡುತ್ತಿದ್ದರು. ಯಾವುದೋ ಮದುವೆಯದೋ ತಂಡದ್ದೋ ಫೋಟೋದಿಂದ ಸತ್ತವರ ಮುಖ ಕೊಯ್ದು ಸ್ಟುಡಿಯೋಕ್ಕೆ ಕೊಟ್ಟರೆ, ಅವರು ಅದನ್ನು ದೊಡ್ಡದು ಮಾಡಿ, ಕೆಳಗೆ ಕರಿ ಕೋಟು, ಟೈ ಬರೆದು ಕಟ್ಟು ಹಾಕಿಸಿ ಕೊಡುತ್ತಿದ್ದರು. ಜೀವಮಾನದಲ್ಲಿ ಕೋಟು ಮುಟ್ಟದ ಎಷ್ಟೋ ಜನ ನಮ್ಮೂರ ಗೋಡೆಗಳ ಮೇಲೆ ವಕೀಲರಂತೆ ಕೂತಿದ್ದಾರೆ.

ಫೋಟೋವನ್ನು ಪೇಜಿಗೆ ಹಾಕುವಾಗ ಗೆಳೆಯ, "ಆ ಕಿಂಡಿ ಕೆಟ್ಟ ಕಾಣಸ್ತತಿ ಅಕ್ಕಾರ, ಒಂದು ಚಂಡು ಇಡತೀನಿ," ಎಂದ. ನಾನು ಹೂಂ ಎಂದೆ. ಮುಖದ ಜಾಗದಲ್ಲಿ ಕಪ್ಪು ಬಿಳುಪಿನ ಚಂಡು ಕೂತಿತು. ಜನರಿಗೆ ಅಷ್ಟು ಸಾಕಾಯಿತು. ತಲೆಯಿಂದ ಹೊಡೆಯಲು ಹೋಗಿ ತಲೆಯೇ ಚಂಡಾಯಿತು ಎಂದು ಒಬ್ಬ ಬರೆದರೆ, ಅದಕ್ಕೆ ಇನ್ನೊಬ್ಬನ ನಗು. ನಾವೂ ನಕ್ಕೆವು. ಸತ್ತವನಿಗೆ ಹೆಂಡತಿ ಇರಬಹುದು, ಅವಳ ಮನೆಯಲ್ಲೂ ಫೋನು ಇರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

"ತಪ್ಪಾತ್ರಿ ಅವ್ವಾರ, ಈಗಿಂದೀಗ ತೆಗೀತೀವ್ರಿ," ಎಂದೆ ಫೋನಿನಲ್ಲಿ.

"ಇಲ್ಲಿಗೆ ಬರ್ರಿ. ಮಾರಿ ನನ್ನ ಹತ್ರ ಐತಿ." ಊರಿನ ಹೆಸರು ಹೇಳಿ ಫೋನು ಇಟ್ಟರು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಕೊಪ್ಪಳಕ್ಕೆ ಹೋಗಿ, ಅಲ್ಲಿಂದ ಯಲಬುರ್ಗಾದ ಬಸ್ಸು ಹಿಡಿದೆ. ಬಾ ಎಂದದ್ದು ಕರೆದದ್ದೋ, ಬೈಯಲು ಕರೆಸಿದ್ದೋ ತಿಳಿಯಲಿಲ್ಲ. ಕಾಲುವೆಯ ಹಸಿರು ಮುಗಿದು ಎರೆ ಮಣ್ಣಿನ ಕಪ್ಪು ಹೊಲಗಳು ಶುರುವಾದವು. ಕಿಟಕಿಯ ಪಕ್ಕ ಕೂತು ಕ್ಷಮೆ ಕೇಳುವ ಮಾತುಗಳನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಹೇಳಿಕೊಂಡೆ. ಮಗನಿದ್ದು ಜಗಳಕ್ಕೆ ಬಂದರೆ? ಸರ್ಕಾರಿ ಶಾಲೆಯ ಅಕ್ಕೋರು ಸತ್ತವರನ್ನು ಗೇಲಿ ಮಾಡಿದರು ಎಂದು ದೂರು ಕೊಟ್ಟರೆ? ಹೆದರಿಕೆ ಶುರುವಾದರೆ ನನಗೆ ಲಂಗುಲಗಾಮಿಲ್ಲ.

ಜಗಳ ಆಗಲಿಲ್ಲ. ಸಣ್ಣ ಮೈಯ ಹೆಂಗಸು, ಮಗ ದುಡಿಯಲು ಹೋಗಿದ್ದ, ಸೊಸೆ ಚಹಾ ಮಾಡಿದಳು. ಚಂಡಿನ ಮಾತನ್ನು ಅವರು ಎತ್ತಲೇ ಇಲ್ಲ. ಅದರಿಂದ ನನ್ನ ಹೆದರಿಕೆ ಹೆಚ್ಚೇ ಆಯಿತು. ಗೋಡೆಯ ಮೇಲೆ ಅವರ ಗಂಡ ಕರಿ ಕೋಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಗಾಜಿನ ಮೇಲಿನ ವಿಭೂತಿಯನ್ನು ಸೆರಗಿನಿಂದ ಒರೆಸಿ, "ತಗೋರಿ. ಗಾಜು ಬಿಚ್ಚಬ್ಯಾಡ್ರಿ, ಫೋಟೋ ಹತ್ತಿಕೊಂಡೈತಿ, ಹರೀತೈತಿ," ಎಂದರು. ಗಾಜಿನಲ್ಲಿ ನನ್ನ ನೆರಳು ಬೀಳದ ಹಾಗೆ ಹಿಂದೆ ಮುಂದೆ ಸರಿದು ಫೋನಿನಲ್ಲಿ ಚಿತ್ರ ತೆಗೆದೆ. ಹೊರಡುವಾಗ ಅವರು ಹೇಳಿದ್ದು ಇಷ್ಟೇ: "ಹೊಂದಿಸಿದ ಮ್ಯಾಲ ತಂದು ತೋರಸ್ರಿ."

ಗೆಳೆಯ ಕಂಪ್ಯೂಟರಿನಲ್ಲಿ ಆ ಮುಖವನ್ನು ಸಣ್ಣದು ಮಾಡಿ ಕಿಂಡಿಯಲ್ಲಿ ಕೂರಿಸಿದ. ಅದನ್ನು ಹಿಡಿದುಕೊಂಡು ಖುಷಿಯಿಂದ ಕ್ಯಾಪ್ಟನ್ ಮನೆಗೆ ಹೋದೆವು. ಅವರು ಕನ್ನಡಕ ಹಾಕಿ ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು.

"ಇದು ಅವನಲ್ಲ."

"ಅವರ ಮನಿ ಗ್ವಾಡಿ ಮ್ಯಾಗಿಂದರಿ ಕಾಕಾ!"

"ಯಾರ ಗ್ವಾಡಿದರ ಇರ್ಲಿ. ಅವನ ಮೂಗು ಡೊಂಕಿತ್ತು. ಈ ಮೀಸಿ ಎಲ್ಲಿಂದು? ಅವಗ ಮೀಸಿನs ಇರ್ಲಿಲ್ಲ."

ಸ್ಟುಡಿಯೋದವನು ಕೋಟಿಗೇ ನಿಂತಿರಲಿಲ್ಲ. ಮೂಗು ನೇರ ಮಾಡಿ, ಮೀಸೆ ತೀಡಿ, ಅವರನ್ನು ಬೇರೆಯೇ ಮನುಷ್ಯನನ್ನಾಗಿ ಮಾಡಿದ್ದ. ಆ ಮೂಲ ತುಣುಕು ಎಲ್ಲಿ ಹೋಯಿತೋ ದೇವರೇ ಬಲ್ಲ.

"ಹಾಕಿಬಿಡೋಣ್ರಿ ಅಕ್ಕಾರ, ಯಾರಿಗೆ ಗೊತ್ತಾಗ್ತತಿ," ಎಂದ ಗೆಳೆಯ. ಸಿಟ್ಟು ಬಂತು. ಹಾಕಿದರೆ ಜೊತೆಗೆ ಆಡಿದವರೆಲ್ಲ ಇವನಾರು ಎಂದು ಕೆಳಗೆ ಬರೆಯುತ್ತಾರೆ, ಅದನ್ನು ಸೊಸೆ ಓದಿ ಹೇಳುತ್ತಾಳೆ. ಹಾಕದಿದ್ದರೆ ಯಾಕೆ ಎಂದು ನಾನೇ ಹೇಳಬೇಕು. ಇಷ್ಟು ವರ್ಷ ಊದಿನಕಡ್ಡಿ ಬೆಳಗಿದ್ದು ನಿಮ್ಮ ಗಂಡನಿಗಲ್ಲ ಎಂದು ಒಬ್ಬ ಹೆಂಗಸಿಗೆ ಯಾವ ಬಾಯಿಂದ ಹೇಳುವುದು? ನಡುನಡುವೆ ಸೊಸೆಯ ಫೋನು: "ಅತ್ತಿ ಕೇಳಾಕತ್ತಾರ್ರಿ, ಆತೇನ್ರಿ?" ಶಾಲೆಯಲ್ಲಿ ಫೋನು ಗುಂಯ್ ಅಂದರೆ ಸಾಕು, ಅದನ್ನು ಹಾಜರಿ ಪುಸ್ತಕದ ಕೆಳಗೆ ತಳ್ಳುತ್ತಿದ್ದೆ.

ಮುಂದಿನ ಶನಿವಾರ ಎರಡು ಪ್ರಿಂಟು ಹಾಕಿಸಿಕೊಂಡು ಹೋದೆ, ಮುಖ ಕೂರಿಸಿದ್ದೊಂದು, ಕಿಂಡಿ ಹಾಗೇ ಇರುವುದೊಂದು. ಏನು ಹೇಳಬೇಕೆಂದು ತೀರ್ಮಾನವಾಗಿರಲಿಲ್ಲ. ಮುಖವಿದ್ದದ್ದನ್ನು ಕೊಟ್ಟೆ. ಅವರು ಬಾಗಿಲ ಬೆಳಕಿಗೆ ಹಿಡಿದು ನೋಡತೊಡಗಿದರು. ನಾನು ಬಸ್ಸಿನ ರಷ್ಷು, ಬಿಸಿಲು ಎಂದು ಏನೇನೋ ಹರಟುತ್ತಿದ್ದೆ.

"ಇವರು ಅವರಲ್ಲ ಅಂತ ಹೇಳಾಕ ಬಂದೀರೇನು?" ಎಂದರು.

ಚೀಲದಿಂದ ಕಿಂಡಿಯ ಪ್ರಿಂಟನ್ನೂ ತೆಗೆದು ಅವರ ಮುಂದಿಟ್ಟೆ.

"ಮೊದಲನೇ ದಿನದಾಗs ಕಂಡೀನ್ರಿ. ಸ್ಟುಡಿಯೋದಾಂವ ಛಲೋ ಮಾಡಾಕ ಹೋಗಿ ಬ್ಯಾರೆ ಯಾರನ್ನೋ ಮಾಡಿಟ್ಟಿದ್ದ. ದಿವಸ ಹತ್ರ ಬಂದಿತ್ತು, ಮಗ ಇನ್ನೂ ತೊಟ್ಟಿಲದಾಗ ಇದ್ದ. ಅವಂಗ ಕೈ ಮುಗಿಯಾಕ ಒಂದು ಮಾರಿ ಬೇಕಿತ್ತು. ಸುಮ್ನಾದೆ." ಸೊಸೆ ಹಿತ್ತಲಲ್ಲಿ ಇರುವುದನ್ನು ಕತ್ತು ಚಾಚಿ ನೋಡಿಕೊಂಡು, ದನಿ ತಗ್ಗಿಸಿದರು. "ಮಗಗ ಹೇಳಿಲ್ರಿ. ಅವಂಗ ಇವರs ಅಪ್ಪ. ತಂಡದ ಫೋಟೋ ಸಿಕ್ಕೈತಿ ಅಂದಾಗ, ಅದರಾಗ ಖರೇ ಮಾರಿ ಇದ್ದೀತೇನೋ, ಇನ್ನೊಮ್ಮೆ ನೋಡೇನು ಅಂತ ಆಸೆ ಇತ್ತು. ಕೊಯ್ದದ್ದು ಅದs ಫೋಟೋ ಅಂತ ಸೊಸಿ ತೋರಿಸಿದ ಮ್ಯಾಲ ಗೊತ್ತಾತು. ಆ ಚಂಡು ಹೋದರ ಸಾಕು ಅಂತ ಗ್ವಾಡಿದು ಕೊಟ್ಟೆ."

ಮುಖ ಕೂರಿಸಿದ್ದನ್ನು ಅವರು ನನಗೇ ವಾಪಸ್ ಕೊಟ್ಟರು. ಚಂಡೂ ಬೇಡ, ಇದೂ ಬೇಡ, ಕಿಂಡಿ ಇದ್ದ ಹಾಗೇ ಇರಲಿ ಎಂದರು. ಪೇಜಿನಲ್ಲಿ ಈಗ ಹಾಗೇ ಇದೆ. ಇದನ್ನು ಬರೆಯಲೇ ಎಂದು ಆಮೇಲೆ ಕೇಳಿದಾಗ, ಯಾರ ಹೆಸರೂ ಹಾಕದಿದ್ದರೆ ಸಾಕು ಎಂದಿದ್ದಾರೆ. ಆದರೂ ಅವರ ಮಗ ಓದಿ ಗುರುತು ಹಿಡಿದಾನೆಂಬ ಅಳುಕು ನನಗಿದೆ.

ಅಂದು ನಾನು ಏಳಲು ಹೊರಟಾಗ, ಕಿಂಡಿಯ ಪ್ರಿಂಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು: "ಅವರು ಆಡೋದು ನೀವು ನೋಡೀರೇನ್ರಿ? ನಾ ಒಮ್ಮಿನೂ ನೋಡಲಿಲ್ಲ."

ಆಟ ನೋಡಿದ್ದೇನೆ, ಮುಖ ನೆನಪಿಲ್ಲ ಎಂದೆ, ಮಾಳಿಗೆಯಿಂದ ಅಷ್ಟು ಕಾಣುತ್ತಿರಲಿಲ್ಲ.

"ಮಾರಿ ನನಗ ಗೊತ್ತೈತಿ. ಆಟ ಹೇಳ್ರಿ."

ಹೇಳಿದೆ. ಎಡಗಾಲಿನ ಹೊಡೆತ, ಗೋಲಾದಾಗ ಕೈಯೆತ್ತದೆ ಸುಮ್ಮನೆ ಹಿಂದಕ್ಕೆ ನಡೆದು ಬರುತ್ತಿದ್ದ ರೀತಿ. ಒಮ್ಮೆ ಯಾರೋ ಜೋರಾಗಿ ಒದ್ದ ಚಂಡು ಮೂಗಿಗೇ ಬಡಿದು ನೆಲಕ್ಕೆ ಕೂತುಬಿಟ್ಟಿದ್ದು, ಅಂಗಿ ತುಂಬ ರಕ್ತವಾಗಿದ್ದು, ತಲೆಗೆ ನೀರು ಸುರಿಸಿಕೊಂಡು ಎದ್ದು ಮತ್ತೆ ಆಡಿದ್ದು.

ಅವರು ಅಲ್ಲೇ ತಡೆದರು. "ಚಂಡು ಬಡಿದಿದ್ದೇನು?"

"ಹೌದ್ರಿ."

"ಗಿರಣ್ಯಾಗ ಚೀಲ ಬಿತ್ತು ಅಂದಿದ್ದ ನನಗ! ತಿಂಗಳಗಟ್ಟಲೆ ಗಿರಣಿಯವರಿಗೆ ಶಾಪ ಹಾಕೀನ್ರಿ ನಾನು." ಅವರು ಪ್ರಿಂಟಿನ ಆ ಕಿಂಡಿಯ ಮೇಲೆ ಬೆರಳಿನಿಂದ ಕುಟ್ಟಿದರು. ಕಣ್ಣಲ್ಲಿ ನೀರು, ದನಿಯಲ್ಲಿ ಈಗಷ್ಟೇ ಮನೆಗೆ ಬಂದವನನ್ನು ಬಾಗಿಲಲ್ಲೇ ತರಾಟೆಗೆ ತೆಗೆದುಕೊಳ್ಳುವ ಸಿಟ್ಟು. "ಸುಳ್ಳು ಹೇಳ್ತೀಯೇನೋ ಖೋಡಿ, ನನ್ನ ಮುಂದ!"